ದೆವ್ವದ ಪಾಲು

ನಮ್ಮ ಕಡೆಯ ದೆವ್ವಗಳಿಗೆ ಎರಡು ಭಾಷೆ ಬರುತ್ತವೆ. ಹುಣಸೆಮರದ್ದು ಕನ್ನಡ, ಬಾವಿಯ ಹೆಣ್ಣುದೆವ್ವ ಹಡಳದ್ದು ಮರಾಠಿ. ಸಿಟ್ಟು ಬಂದರೆ ಎರಡನ್ನೂ ಕಲಸಿ ಬೈಯುತ್ತವೆ. 1967ರಲ್ಲಿ ಮಹಾಜನ ಆಯೋಗ ಗಡಿಯ ಊರುಗಳನ್ನು ಆ ಕಡೆ, ಈ ಕಡೆ ಎಂದು ವಿಂಗಡಿಸಿ ವರದಿ ಕೊಟ್ಟಿತು. ದೆವ್ವಗಳ ಮಾತೃಭಾಷೆ ಯಾವುದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಜಗಳ ಇನ್ನೂ ಬೆಳೆಯುತ್ತಿತ್ತು, ಬಿಡಿ.

ಅಥಣಿ ತಾಲ್ಲೂಕಿನ ಅನಂತಪುರದಲ್ಲಿ, ಸಾಂಗಲಿ ಜಿಲ್ಲೆಯ ಮಗ್ಗುಲಲ್ಲೇ ಬೆಳೆದ ನಮಗೆ ದೆವ್ವಗಳ ಪೈಕಿ ಹಿರಿಯದೆಂದರೆ ಪುಣೆಯ ಶನಿವಾರವಾಡೆಯದು. 1773ರ ಆಗಸ್ಟ್ 30ರಂದು ಹದಿನೆಂಟರ ಪೇಶ್ವೆ ನಾರಾಯಣರಾವ್ ಅಲ್ಲಿ ಕೊಲೆಯಾದ. ಹುಣ್ಣಿಮೆಯ ರಾತ್ರಿ ಇಂದಿಗೂ 'ಕಾಕಾ, ನನ್ನ ಉಳಿಸು' ಎಂಬ ಕೂಗು ಕೇಳುತ್ತದೆಂದು ಪ್ರತೀತಿ. ಕೊಲೆಯ ಆರೋಪ ಬಂದದ್ದೂ ಆ ಕಾಕಾ ರಘುನಾಥರಾವ್‌ನ ಮೇಲೆಯೇ. ನಮ್ಮವ್ವ ಈ ಕಥೆ ಮುಗಿಸಿ, ಒಮ್ಮೆ ನಮ್ಮ ಕಾಕಾನ ಮನೆಯ ಕಡೆ ನೋಡುತ್ತಿದ್ದಳು. ಹೊಲದ ಪಾಲು ಆಗಿನ್ನೂ ಆಗಿರಲಿಲ್ಲ.

ಇಂಥ ಊರಿಗೆ ನನ್ನ ಅಳಿಯ ಸ್ಕಾಟ್ಲೆಂಡಿನಿಂದ ಒಂದು ಯೋಜನೆ ಹೊತ್ತು ತಂದ. ಎಡಿನ್‌ಬರೋದಲ್ಲಿ ಸೌತ್ ಬ್ರಿಜ್ ಎಂಬ ಹಳೆಯ ಸೇತುವೆಯ ಕೆಳಗೆ ಕತ್ತಲೆಯ ಕಮಾನುಕೋಣೆಗಳಿವೆ. ಜನ ರಾತ್ರಿ ಹೊತ್ತು ದುಡ್ಡು ಕೊಟ್ಟು ಅಲ್ಲಿ ಹೆದರಿ ಬರುತ್ತಾರೆ. "ಮಾಮಾ, ನಮ್ಮ ಊರಾಗ ಇಷ್ಟು ಹಳೇ ವಾಡೆ ಅದಾವು. ತಲಿಗೆ ನೂರು ರೂಪಾಯಿ ಟಿಕೇಟ್ ಇಡೂಣು. ಮದಲ ನಾವಿಬ್ರೂ ಒಮ್ಮಿ ತಿರಗಿ ನೋಡೂಣು ಬರ್ರಿ" ಅಂದ. ಅಮಾವಾಸ್ಯೆಯ ರಾತ್ರಿ ಗೊತ್ತಾಯಿತು. ನನ್ನ ಅಂಗಿಯ ಕಿಸೆಯಲ್ಲಿ ಅಥಣಿ ಗಚ್ಚಿನಮಠದ ವಿಭೂತಿಯ ಪುಡಿಕೆ ಇತ್ತು. ನಕ್ಕಾನೆಂದು ಅವನಿಗೆ ಹೇಳಲಿಲ್ಲ.

ಮೊದಲ ವಾಡೆಯ ದೊಡ್ಡ ಬಾಗಿಲಿಗೆ ಕೀಲಿ. ದಿಡ್ಡಿ ಬಾಗಿಲು ಮಾತ್ರ ಕಿತ್ತು ಬಿದ್ದಿತ್ತು. ಬಗ್ಗಿ ಒಳಹೊಕ್ಕೆವು. ಇಲ್ಲಿದ್ದವಳು ಹಗೇವಿನಾಕಿ. ಹಗೇವು ಎಂದರೆ ಜೋಳ ತುಂಬಿಡಲು ನೆಲ ಅಗೆದು ಮಾಡಿದ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯ ಆಮ್ಲಜನಕವನ್ನು ಅದು ತಿಂದು ತೀರಿಸುತ್ತದೆ. ಉಳಿಯುವುದು ಇಂಗಾಲದ ಡೈಆಕ್ಸೈಡು. ತೆರೆದ ಕೂಡಲೇ ಇಳಿದವನು ಅಲ್ಲೇ ಕುಸಿಯುತ್ತಾನೆ. ಅದಕ್ಕೇ ಹಿರಿಯರು ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮಕ್ಕಳಿಗೆ ಇಷ್ಟೆಲ್ಲ ಯಾರು ಬಿಡಿಸಿ ಹೇಳಬೇಕು? "ಒಳಗ ಒಬ್ಬಾಕಿ ಕುಂತಾಳ. ಮದಲ ದೀಪಾ ಆರಸ್ತಾಳ, ಆಮ್ಯಾಲ ನಿನ್ನ" ಅಂದರು. ಮುಗಿಯಿತು. ಆ ಓಣಿಯ ಒಂದು ಕೂಸೂ ಹಗೇವಿನ ಬಳಿ ಸುಳಿಯಲಿಲ್ಲ. ವಿಜ್ಞಾನದ ಮಾಸ್ತರರಿಗಿಂತ ಆಕೆಯ ಪಾಠ ಗಟ್ಟಿ.

ಯೋಚಿಸಿದರೆ ನಮ್ಮ ಯಾವ ದೆವ್ವವೂ ಖಾಲಿ ಕುಳಿತು ಉಂಡದ್ದಲ್ಲ. ಅಟ್ಟದ ಮೇಲಿನವನು ಬೆಲ್ಲದ ಪೆಂಟೆ ಕಾಯುತ್ತಿದ್ದ. ಬಾವಿಯ ಹಡಳಿಗೆ ಮಟಮಟ ಮಧ್ಯಾಹ್ನದ ಪಾಳಿ, ಹುಡುಗರು ಈಸು ಬೀಳಲು ಓಡುವ ಹೊತ್ತಿನದು. ಇನ್ನೊಂದು ವಾಡೆಯ ದೆವ್ವವಂತೂ ಅಣ್ಣತಮ್ಮಂದಿರ ಪಾಲಿನ ವರ್ಷವೇ ಹುಟ್ಟಿತು. ಅಣ್ಣ ಬೇಡವೆಂದ ಎರಡಂಕಣ ತಮ್ಮನಿಗೆ ಅಗ್ಗಕ್ಕೆ ಬಂತು. ಉತಾರದಲ್ಲಿ ಹೆಸರು ಏರಿದ ಮೇಲೆ ಅಲ್ಲಿ ಗೆಜ್ಜೆಯ ಸಪ್ಪಳ ಕೇಳಿದವರಿಲ್ಲ.

ಈಗ ಹಗೇವಿನ ಬಾಯಿಗೆ ಕಾಂಕ್ರೀಟು ಬಿದ್ದಿದೆ, ಅದರ ಮೇಲೆ ಯಾರದೋ ಬುಲೆಟ್ ಗಾಡಿ. ಪಡಸಾಲೆಯ ಸಾಗವಾನಿ ಕಂಬಗಳನ್ನು ಲಾರಿಯವರು ಒಯ್ದಿದ್ದಾರೆ; ಯಾವ ಹೋಟೆಲಿನ ಬಾಗಿಲಲ್ಲಿ ಗಿರಾಕಿಗಳಿಗೆ ಕೈಮುಗಿಯುತ್ತಿವೆಯೋ. ಮೇಲ್ಮುದ್ದೆ ಕುಸಿದ ಕಡೆ ಚುಕ್ಕೆಗಳು ಕಂಡವು. "ಇಲ್ಲೊಂದು ಕೆಂಪು ಲೈಟ್ ಹಾಕಬೇಕ್ರಿ ಮಾಮಾ" ಎಂದು ಅಳಿಯ ಮೊಬೈಲಿನಲ್ಲಿ ಬರೆದುಕೊಂಡ.

ನನಗೆ ಬೇರೆಯದೇ ತೊಂದರೆ. ಯಾವ ಮನೆಯ ಮುಂದೆ ನಿಂತರೂ ದೆವ್ವದ ಕಥೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು, ಮನುಷ್ಯರದು ಮುಗಿಯುತ್ತಿರಲಿಲ್ಲ. ಇಲ್ಲಿಯವರು ಮಿರಜಿಗೆ ಹೋದರು, ಅಲ್ಲಿಯವರು ಪುಣೆಗೆ. ಈ ಕಟ್ಟೆಯ ಮೇಲೆ ಕೂತು ಒಬ್ಬ ಮುತ್ಯಾ ದಾರಿಹೋಕರನ್ನೆಲ್ಲ ಕರೆದು ತಂಬಾಕು ಕೊಡುತ್ತಿದ್ದ. ಅಳಿಯ ಆಕಳಿಸಿದ. ಗಿರಾಕಿ ಆಕಳಿಸಿದರೆ ವ್ಯಾಪಾರ ಆಗುವುದು ಹೇಗೆ?

ಅಗಸಿಯ ಹತ್ತಿರ ಮಾತ್ರ ನಿಜಕ್ಕೂ ಎದೆ ಧಸಕ್ಕೆಂದಿತು. ಹಣೆಯಲ್ಲಿ ಒಂಟಿಗಣ್ಣು ಉರಿಯುತ್ತ ಆಕೃತಿಯೊಂದು ನಮ್ಮತ್ತಲೇ ಬಂತು. ಅಳಿಯ ಇಂಗ್ಲಿಷಿನಲ್ಲಿ ಚೀರಿದ. ತಲೆಗೆ ಬ್ಯಾಟರಿ ಕಟ್ಟಿಕೊಂಡು ಕಬ್ಬಿಗೆ ನೀರು ಬಿಡಲು ಹೊರಟ ರೈತ. ಮೋಟರಿನ ತ್ರೀ ಫೇಸ್ ಕರೆಂಟು ಆ ವಾರ ರಾತ್ರಿ ಪಾಳಿಯಲ್ಲಿತ್ತು. "ಕರೆಂಟ್ ಹೋಗೂದ್ರಾಗ ಎರಡ ಸಾಲ ತೊಯ್ಯಬೇಕು, ಸರೀರಿ" ಎಂದು ಹೋದ. ಅವನಿಗೆ ಹೆದರಲು ಪುರಸೊತ್ತಿರಲಿಲ್ಲ.

ಗದ್ದಲಕ್ಕೆ ಎದುರು ಮನೆಯ ಆಯಿ ಎದ್ದು ಬಂದಳು. ಅರ್ಧ ಬಿದ್ದ ವಾಡೆಯಲ್ಲಿ ಒಬ್ಬಳೇ ಇರುವ ಜೀವ. ಅಳಿಯ ಯೋಜನೆಯನ್ನೆಲ್ಲ ವಿವರಿಸಿದ. ಆಕೆ ಎಲೆ ಮಡಚುತ್ತ ಕೇಳಿಸಿಕೊಂಡಳು.

"ನಮ್ಮ ಮನ್ಯಾಗ ನಮ್ಮತ್ತಿ ಅದಾಳಲ್ಲ. ಚಾದಾಗ ಸಕ್ಕರಿ ಒಂದೀಟ ಹೆಚ್ಚ ಹಾಕಿದ್ರ ಇನ್ನೂ ಡಬ್ಬಿ ಸಪ್ಪಳ ಮಾಡ್ತಾಳ. ನೂರು ರೂಪಾಯದಾಗ ಆಕೀದೆಷ್ಟು, ನಂದೆಷ್ಟು?"

"ಇಬ್ಬರಿಗೂ ಸರಿಪಾಲ ಆಯಿ, ಇಪ್ಪತ್ತೈದು ಇಪ್ಪತ್ತೈದು" ಅಂದ ಅಳಿಯ.

"ಹಂಗಾರ ಆಕೀದೂ ನನ್ನ ಕೈಯಾಗ ಕೊಡು" ಅಂದಳು ಆಯಿ. "ಇದ್ದಾಗ ಒಂದ ದಿನಾನೂ ಒಂದ ರೂಪಾಯಿ ಬಿಚ್ಚಲಿಲ್ಲ ಮುದುಕಿ."