ಶುಕ್ರವಾರದ ಜಮೀನು, ಸೋಮವಾರದ ಜಮೀನು

ಮೊನ್ನೆ ನಮ್ಮ ಆಫೀಸಿನ ಹುಡುಗನೊಬ್ಬ ವರ್ಗಾವಣೆ ಆರ್ಡರ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದ. ಹುಬ್ಬಳ್ಳಿ ಕಡೆಯವ, ಮುಂಬೈಗೆ ಬಂದು ಮೂರು ವರ್ಷ ಆಗಿದೆ. ಈಗ ಲಕ್ಷದ್ವೀಪ! "ಸರ್, ನೀವು ಅಲ್ಲಿ ಇದ್ದಿರಂತಲ್ಲ, ಏನೇನು ತಗೊಂಡು ಹೋಗಬೇಕು?" ಅಂದ. ಔಷಧಿ, ಉಪ್ಪಿನಕಾಯಿ ಅಂತ ಶುರು ಮಾಡಿದವನು ಸುಮ್ಮನಾದೆ. ಹಳೆಯದೊಂದು ಸಂಗತಿ ನೆನಪಾಯಿತು.

1997ರಲ್ಲಿ ನನ್ನನ್ನು ಆರು ತಿಂಗಳ ಮಟ್ಟಿಗೆ ಅಮಿನಿ ದ್ವೀಪಕ್ಕೆ ಕಳಿಸಿದ್ದರು. ಮೂವತ್ತು ತುಂಬಿರದ ವಯಸ್ಸು. ಕೊಚ್ಚಿಯಿಂದ ಹಡಗು, ರಾತ್ರಿಯಿಡೀ ವಾಂತಿ. ಹಡಗಿನ ಹೆಸರು 'ಟಿಪ್ಪು ಸುಲ್ತಾನ್'. ನಗಬೇಡಿ, ಹೆಸರಿಗೆ ಕಾರಣವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಐದೂ ಒಂದು ಕಾಲಕ್ಕೆ ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಹೋಗಿ, ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ದ್ವೀಪದವರು ತೆಂಗಿನ ನಾರಿನ ಹುರಿ ತುಂಬಿಕೊಂಡು ಹಾಯಿದೋಣಿಯಲ್ಲಿ ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಅವರ ಕಲೆಕ್ಟರ್ ಸಾಹೇಬರು ಇದ್ದದ್ದೂ ಮಂಗಳೂರಿನಲ್ಲೇ.

1956ರ ನವೆಂಬರ್ 1ಕ್ಕೆ ಇತ್ತ ನಮ್ಮ ರಾಜ್ಯ ಹುಟ್ಟಿತು, ಅತ್ತ ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಆದರೆ ಆಡಳಿತ ಕಚೇರಿ ಇದ್ದದ್ದು ಕೋಝಿಕ್ಕೋಡಿನಲ್ಲಿ. ಅದು ಕವರತ್ತಿಗೆ ಹೋದದ್ದು 1964ರಲ್ಲಿ. ಎಂಟು ವರ್ಷ ದ್ವೀಪದ ಸರಕಾರ ಈಚೆ ದಡದಲ್ಲೇ ಕೂತಿತ್ತು! 1965ರಲ್ಲಿ ಸಿವಿಲ್ ಕೋರ್ಟುಗಳಿಗೆ, ಜಮೀನಿಗೆ ಅಂತ ಕಾಯ್ದೆಗಳು ಬಂದವು. ಇವತ್ತು ಅಮಿನಿ, ಆಂದ್ರೋತ್‌ಗಳಲ್ಲಿ ಮುನ್ಸಿಫ್ ಕೋರ್ಟು, ಕವರತ್ತಿಯಲ್ಲಿ ಜಿಲ್ಲಾ ಕೋರ್ಟು ಇದೆ. ಹೈಕೋರ್ಟಿಗೆ ಮಾತ್ರ ಕೊಚ್ಚಿಗೇ ಹೋಗಬೇಕು.

ಸರಿ, ನನ್ನ ಕಥೆಗೆ ಬರುತ್ತೇನೆ.

ಮಳೆಗಾಲ ಮುಗಿಯುತ್ತಿತ್ತು. ವಯಸ್ಸಾದ ಒಬ್ಬ ಮೀನುಗಾರರು ದೋಣಿಗೆ ಇಂಜಿನ್ ಹಾಕಿಸಲು ಸಾಲ ಕೇಳಿ ಬಂದರು. ನಾನು ಮುಂಬೈಯಲ್ಲಿ ಕೇಳುವ ಹಾಗೆಯೇ ಕೇಳಿದೆ: ಜಮೀನು ಇದೆಯಾ, ಪತ್ರ ಎಲ್ಲಿ, ವಕೀಲರ ಸರ್ಚ್ ರಿಪೋರ್ಟ್ ಎಲ್ಲಿ? ಅವರು ಅವರ ಮಲಯಾಳಂನಲ್ಲಿ, "ತೆಂಗಿನ ತೋಟ ಇದೆ ಸರ್, ಆದರೆ ಅದು ಶುಕ್ರವಾರದ್ದು" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಹಾಗಾದರೆ ಶನಿವಾರ ಬನ್ನಿ" ಅಂತ ನಾನೂ ತಮಾಷೆ ಮಾಡಿದೆ. ಅರ್ಜಿಯ ಮೇಲೆ 'ಹಕ್ಕು ಸ್ಪಷ್ಟವಿಲ್ಲ' ಎಂದು ಬರೆದು ವಾಪಸ್ ಕೊಟ್ಟೆ. ಅವರು ಮಾತಾಡದೆ ಎದ್ದು ಹೋದರು.

ಹದಿನೈದು ದಿನದ ಮೇಲೆ ಚಹಾ ಕುಡಿಯುವಾಗ ಅಲ್ಲಿಯವರೇ ಆದ ನಮ್ಮ ಕ್ಲಾರ್ಕ್ ಬಿಡಿಸಿ ಹೇಳಿದ. ಶುಕ್ರವಾರದ ಸ್ವತ್ತು ಎಂದರೆ ತರವಾಡಿನದು, ತಾಯಿಯ ಕಡೆಯಿಂದ ಇಳಿದು ಬಂದದ್ದು. ಮನೆಯವರೆಲ್ಲರಿಗೂ ಸೇರಿದ್ದು, ಒಬ್ಬ ಅಡ ಇಡುವ ಹಾಗಿಲ್ಲ. ಸೋಮವಾರದ ಸ್ವತ್ತು ಸ್ವಂತ ದುಡಿದು ಮಾಡಿದ್ದು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಾನು ಹುಟ್ಟಿದ್ದು ಅಳಿಯ ಸಂತಾನದ ಮನೆಯಲ್ಲಿ ಮಾರಾಯ್ರೆ! ಅಜ್ಜಿಯ ಮನೆಯ ಗದ್ದೆ ಯಾರದ್ದು ಅಂದರೆ ಒಬ್ಬರ ಹೆಸರು ಹೇಳಲಾಗುತ್ತಿರಲಿಲ್ಲ. ಯಜಮಾನಿಕೆ ಮಾವನದು, ಹಕ್ಕು ಕುಟುಂಬದ ಎಲ್ಲರದ್ದು. ಆ ಪಾಲಿನ ತಕರಾರಿಗೆ ಅಜ್ಜಿ ಮಂಗಳೂರಿನ ಕೋರ್ಟಿಗೆ ಬಸ್ಸಿನಲ್ಲಿ ಅಲೆದದ್ದನ್ನು ನೋಡಿ ಬೆಳೆದವನು ನಾನು. ಆ ಹಿರಿಯರ ಮಾತು ಅರ್ಥವಾಗಬೇಕಾದ ಒಬ್ಬ ಆಫೀಸರ್ ಇದ್ದರೆ ಅದು ನಾನೇ. ಬಿಕಾಂ ಓದಿ, ಮುಂಬೈಯ ಫಾರಂ ತುಂಬಿಸಿ ತುಂಬಿಸಿ ಮರೆತೇ ಹೋಗಿತ್ತು.

ಅದೇ ದಿನ ಅವರನ್ನು ಕರೆಸಿದೆ. ಜಮೀನು ಬೇಡ, ಇಂಜಿನ್ನೇ ಹೈಪಾಥಿಕೇಶನ್, ಇಬ್ಬರು ಜಾಮೀನುದಾರರು ಸಾಕು ಅಂದೆ. ನಿಯಮದಲ್ಲಿ ಅದಕ್ಕೆ ಮೊದಲಿಂದಲೂ ದಾರಿ ಇತ್ತು, ನಾನು ಹುಡುಕಿರಲಿಲ್ಲ ಅಷ್ಟೆ. ಆದರೆ ಮಂಜೂರಾಗಿ, ಕೊಚ್ಚಿಯಲ್ಲಿ ಇಂಜಿನ್ ಸಿಕ್ಕಿ, ಹಡಗಿನಲ್ಲಿ ಜಾಗ ಸಿಕ್ಕಿ ಬರುವಾಗ ಜನವರಿ ದಾಟಿತ್ತು. ಅರ್ಧ ಸೀಸನ್ ಹೋಗಿಯಾಗಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ನಾನು ಹೊರಡುವ ದಿನ ಒಣಗಿಸಿದ ಮಾಸ್ ಮೀನು ಕಟ್ಟಿ ಕೊಟ್ಟರು. ಅದು ಇನ್ನೂ ಚುಚ್ಚುತ್ತದೆ.

ಈಗ 2024ರ ಜನವರಿಯಿಂದ ಕೊಚ್ಚಿಯ ಸಮುದ್ರದಡಿಯ ಕೇಬಲ್ ಬಂದಿದೆ, ಫೈಲು ಕ್ಷಣದಲ್ಲಿ ಓಡುತ್ತದೆ. ಒಳ್ಳೆಯದೇ. ಆದರೆ ಕಚೇರಿ ಕಡಲು ದಾಟಿದ ಮಾತ್ರಕ್ಕೆ ಒಳಗೆ ಕೂತವನೂ ದಾಟಿದ ಹಾಗಲ್ಲ. ನನ್ನ ಕುರ್ಚಿ ಅಮಿನಿಯಲ್ಲಿತ್ತು, ತಲೆ ಮುಂಬೈಯಲ್ಲೇ ಇತ್ತು.

ಆ ಹುಡುಗನಿಗೆ ಕೊನೆಗೆ ಹೇಳಿದ್ದಿಷ್ಟು: "ಉಪ್ಪಿನಕಾಯಿ ತಗೊಂಡು ಹೋಗು. ಯಾರಾದರೂ ಶುಕ್ರವಾರದ್ದು ಅಂದರೆ ನಗಬೇಡ, ಕುರ್ಚಿ ಕೊಟ್ಟು ಕೇಳು."

ನಿಮ್ಮ ಕೈಯಿಂದಲೂ ಹೀಗೆ ಯಾವುದಾದರೂ ಅರ್ಜಿ ವಾಪಸ್ ಹೋಗಿದೆಯಾ?