ಕಲೆಯಿಲ್ಲದ ಸೂರ್ಯ

2019ರಲ್ಲಿ, ಎಂಎಸ್ಸಿ ಓದುತ್ತಿದ್ದಾಗ, ಕೊಡೈಕೆನಾಲ್ ವೀಕ್ಷಣಾಲಯ ನೋಡಲು ಹೋಗಿದ್ದೆವು. ಅಲ್ಲಿ ಗೋಪುರದ ಮೇಲಿನ ಕನ್ನಡಿ ಬಿಸಿಲನ್ನು ಹಿಡಿದು 60 ಮೀಟರ್ ಉದ್ದದ ಸುರಂಗದೊಳಕ್ಕೆ ಕಳಿಸುತ್ತದೆ. ಕತ್ತಲಲ್ಲಿ ಸೂರ್ಯ 34 ಸೆಂಟಿಮೀಟರ್ ಅಗಲದ ಊಟದ ತಟ್ಟೆಯ ಹಾಗೆ ಬೆಳ್ಳಗೆ ಮೂಡಿದ್ದ. ಅಂದು ಅವನ ಮೇಲೆ ಒಂದೂ ಕಲೆ ಇರಲಿಲ್ಲ. "ಏನೂ ಇಲ್ವಲ್ಲೇ, ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಎಂದಳು ಪಕ್ಕದಲ್ಲಿದ್ದ ಗೆಳತಿ. ನನಗೂ ಹಾಗೇ ಅನಿಸಿತ್ತು. ಆ ಏನೂ ಇಲ್ಲದ ಜಾಗವೇ ಮುಂದೆ ನನ್ನ ಪಿಎಚ್‌ಡಿಯ ವಿಷಯವಾಯಿತು.

ಕಲೆಗಳಿಲ್ಲದ ಭಾಗವನ್ನು ನಮ್ಮವರು 'ಶಾಂತ ಸೂರ್ಯ' ಎನ್ನುತ್ತಾರೆ. ಹೆಸರಿಟ್ಟವರು ಹತ್ತಿರದಿಂದ ನೋಡಿರಲಿಲ್ಲ ಎಂದೇ ನನ್ನ ಅನುಮಾನ. ಆ ಮೇಲ್ಮೈ ಕುದಿಯುವ ಗಂಜಿಯಂತೆ. ಒಂದೊಂದು ಗುಳ್ಳೆಯೂ ಬೆಂಗಳೂರಿನಿಂದ ಮುಂಬೈಗೆ ಹೋಗುವ ರಸ್ತೆಯಷ್ಟು, ಸುಮಾರು 1000 ಕಿಲೋಮೀಟರ್ ಅಗಲ. ಹತ್ತು ನಿಮಿಷದೊಳಗೆ ಒಡೆದು ಇನ್ನೊಂದು ಬರುತ್ತದೆ. ಗುಳ್ಳೆಗಳ ನಡುವಿನ ಸಂದಿಯಲ್ಲಿ ತಣ್ಣಗಾದ ಅನಿಲ ಕೆಳಗಿಳಿಯುತ್ತದೆ. ಮಳೆನೀರು ಕಸವನ್ನೆಲ್ಲ ಮೋರಿಯ ಬಾಯಿಗೆ ತಳ್ಳುವಂತೆ, ಆ ಹರಿವು ಕಾಂತಕ್ಷೇತ್ರವನ್ನು ತಂದು ಸಂದಿಗಳಲ್ಲಿ ಗುಡ್ಡೆ ಹಾಕುತ್ತದೆ. ಅಲ್ಲಿ ಬೆಂಗಳೂರು–ಮೈಸೂರು ದೂರದಷ್ಟಿರುವ ಪ್ರಕಾಶದ ಚುಕ್ಕೆಗಳು ಕಾಣುತ್ತವೆ. ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್ ಆಸುಪಾಸು. ಈ ಚುಕ್ಕೆಗಳಲ್ಲಿ ಅದು ಸಾವಿರ ಗಾಸ್ ದಾಟುತ್ತದೆ. ಕ್ಷೇತ್ರದ ಒತ್ತಡ ಅನಿಲವನ್ನು ಹೊರದೂಡಿ ತೆಳುವಾಗಿಸುವುದರಿಂದ ನಮ್ಮ ನೋಟ ಇನ್ನೂ ಆಳಕ್ಕೆ, ಇನ್ನೂ ಬಿಸಿಯಾದ ಕಡೆಗೆ ಇಳಿಯುತ್ತದೆ. ಸೌರಕಲೆಯಲ್ಲೂ ಪ್ರಬಲ ಕ್ಷೇತ್ರವೇ ಇದೆ. ಆದರೆ ಅದು ಬಹಳ ಅಗಲ, ಪಕ್ಕದಿಂದ ಶಾಖ ಒಳಗೆ ತಲುಪುವುದಿಲ್ಲ, ಹಾಗಾಗಿ ಕಪ್ಪು. ದೊಡ್ಡದು ಕಪ್ಪು, ಚಿಕ್ಕದು ಬೆಳಕು! ಇದು ಅರ್ಥವಾದ ದಿನ ನಾನು ಊಟ ಮರೆತಿದ್ದೆ.

ಕೊಡೈಕೆನಾಲಿನ ಆ ತಟ್ಟೆಯ ಮೇಲೆ ಇಂಥ ಚುಕ್ಕೆ ತಲೆಗೂದಲಿಗಿಂತ ಸಣ್ಣದು. ಅದರ ಮೇಲೆ ಭೂಮಿಯ ಗಾಳಿಯ ನಡುಕ ಬೇರೆ. ಹಾಗಾಗಿ ನಾನು ಬಳಸುವುದು 2006ರಲ್ಲಿ ಜಪಾನ್ ಹಾರಿಸಿದ ಹಿನೊಡೆ ಉಪಗ್ರಹದ ದತ್ತಾಂಶ. ಕಬ್ಬಿಣದ ಪರಮಾಣುವಿನ ಎರಡು ರೋಹಿತ ಗೆರೆಗಳಲ್ಲಿ ಬೆಳಕಿನ ಧ್ರುವೀಕರಣವನ್ನು ಅಳೆದು ಅದು ಕಾಂತಕ್ಷೇತ್ರವನ್ನು ಹೇಳುತ್ತದೆ. ಗುಳ್ಳೆಯ ನೆತ್ತಿಯ ಮೇಲೂ ಸಣ್ಣ ಕಮಾನಿನಂಥ ಕ್ಷೇತ್ರಗಳು ಮೇಲೇಳುತ್ತವೆ. ನಡುವೆ ಅಡ್ಡ ಮಲಗಿದ ಕ್ಷೇತ್ರ, ಎರಡು ತುದಿಯಲ್ಲಿ ಉತ್ತರ ಮತ್ತು ದಕ್ಷಿಣ. ಆದರೆ ಅವುಗಳ ಸಂಕೇತ ಬೆಳಕಿನ ಸಾವಿರದಲ್ಲೊಂದು ಪಾಲಿನ ಲೆಕ್ಕದ್ದು.

ಇಂಥ ಕಮಾನುಗಳನ್ನು ಹುಡುಕುವ ಪ್ರೋಗ್ರಾಂ ಬರೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಓಡಿಸಿದರೆ, ಎಲ್ಲೆಲ್ಲೂ ಕಮಾನು! ಸಮ್ಮೇಳನವೊಂದಕ್ಕೆ ಸಾರಾಂಶ ಕಳಿಸಿದೆ, ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಪಕ್ಕದ ಮನೆಯವರಿಗೂ ಹೇಳಿದಳು.

ಗೈಡ್ ಗ್ರಾಫನ್ನು ತುಂಬ ಹೊತ್ತು ನೋಡಿದರು. "ಏನೂ ಇಲ್ಲದ ಕಡೆ ಇದನ್ನ ಓಡಿಸಿ ನೋಡಿದೀಯೇನಮ್ಮಾ?"

ನೋಡಿರಲಿಲ್ಲ. ಆ ಸಂಜೆಯೇ, ರೋಹಿತ ಗೆರೆಗಳಿಂದ ದೂರದ, ಕಾಂತಕ್ಷೇತ್ರದ ಗುರುತೇ ಬೀಳದ ತರಂಗಾಂತರಗಳನ್ನು ತೆಗೆದುಕೊಂಡು ಓಡಿಸಿದೆ. ಅಲ್ಲೂ ಕಮಾನುಗಳು ಸಿಕ್ಕವು.

ತಪ್ಪು ಎಲ್ಲಿತ್ತೆಂದು ತಿಳಿಯಲು ವಾರ ಬೇಕಾಯಿತು. ಅಡ್ಡ ಕ್ಷೇತ್ರವನ್ನು ಅಳೆಯಲು ಎರಡು ಸಂಖ್ಯೆಗಳನ್ನು ವರ್ಗ ಮಾಡಿ ಕೂಡಿಸುತ್ತೇವೆ. ಉಪಕರಣದ ಗದ್ದಲ ಒಮ್ಮೆ ಧನ, ಒಮ್ಮೆ ಋಣ. ಸುಮ್ಮನೆ ಬಿಟ್ಟರೆ ಸರಾಸರಿಯಲ್ಲಿ ಸೊನ್ನೆಗೆ ಇಳಿಯುತ್ತದೆ. ವರ್ಗ ಮಾಡಿದ ಕೂಡಲೇ ಋಣವೆಲ್ಲ ಧನವಾಗುತ್ತದೆ. ಜಮಾ, ಖರ್ಚು ಎರಡನ್ನೂ ಜಮಾ ಎಂದೇ ಬರೆದರೆ ದಿವಾಳಿ ಅಂಗಡಿಯೂ ಲಾಭದಲ್ಲಿರುತ್ತದಲ್ಲ, ಹಾಗೆ. ನಾನು ಮಿತಿಯನ್ನು ಬಹಳ ಕೆಳಗಿಟ್ಟಿದ್ದೆ. ಕೆಳಗಿಟ್ಟರೆ ಹೆಚ್ಚು ಸಿಗುತ್ತಿತ್ತು, ಹೆಚ್ಚು ಸಿಕ್ಕರೆ ಖುಷಿಯಾಗುತ್ತಿತ್ತು, ಕಾರಣ ಅಷ್ಟೇ.

ಈ ಜಗಳ ನನ್ನೊಬ್ಬಳದಲ್ಲ ಎಂಬುದು ಆಮೇಲೆ ಓದಿದಾಗ ಸಮಾಧಾನ ಕೊಟ್ಟಿತು. ಶಾಂತ ಸೂರ್ಯನಲ್ಲಿ ಅಡ್ಡ ಕ್ಷೇತ್ರ ನೆಟ್ಟಗಿರುವ ಕ್ಷೇತ್ರಕ್ಕಿಂತ ಸರಾಸರಿ 5 ಪಟ್ಟು ಎಂದು 2008ರಲ್ಲಿ ಹಿನೊಡೆ ತಂಡದವರು ಬರೆದಿದ್ದರು. ಅದರಲ್ಲಿ ಗದ್ದಲದ ಪಾಲೆಷ್ಟು ಎಂದು ಬೇರೆಯವರು ಕೇಳಿದರು. ನನಗಿಂತ ಬಹಳ ಎಚ್ಚರಿಕೆಯಿಂದ ಕೆಲಸ ಮಾಡುವವರ ನಡುವಿನ ವಾದ ಅದು. ನನ್ನದು ಬರೀ ಆತುರ.

ಸಾರಾಂಶ ಹಿಂತೆಗೆದುಕೊಂಡೆ. ಅಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. "ಹಾಗಾದ್ರೆ ಅಲ್ಲಿ ಏನೂ ಇಲ್ವಾ?" ಎಂದಳು. "ಇದೆ ಕಣಮ್ಮಾ, ಸ್ವಲ್ಪ ಕಡಿಮೆ" ಎಂದೆ.

ಮಿತಿ ಏರಿಸಿದ ಮೇಲೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹೋಯಿತು. ಉಳಿದವನ್ನು ಈಗ ಪ್ರೋಗ್ರಾಂಗೆ ಬಿಡದೆ ಒಂದೊಂದಾಗಿ ಕಣ್ಣಿಂದಲೇ ನೋಡುತ್ತಿದ್ದೇನೆ. ಮೊನ್ನೆ ರಾತ್ರಿ ನೋಡಿದ್ದರಲ್ಲಿ ಗುಳ್ಳೆಯ ಮೇಲೆ ಮೊದಲು ಅಡ್ಡ ಕ್ಷೇತ್ರದ ತೇಪೆಯೊಂದು ಕಂಡಿತು. ಸ್ವಲ್ಪ ಹೊತ್ತಿಗೆ ಅದರ ಅಕ್ಕಪಕ್ಕ ಒಂದು ಕಪ್ಪು, ಒಂದು ಬಿಳಿ ಚುಕ್ಕೆ. ತೇಪೆ ಮಾಸಿತು, ಚುಕ್ಕೆಗಳು ದೂರ ಸರಿದು ಗುಳ್ಳೆಯ ಅಂಚು ಸೇರಿದವು. ಎಲ್ಲ ಸೇರಿ ಹತ್ತು ನಿಮಿಷದ ಬಾಳು. ಅದೇ ಚೌಕಟ್ಟುಗಳನ್ನು ಗೆರೆಗಳಿಂದ ದೂರದ ತರಂಗಾಂತರದಲ್ಲೂ ತೆರೆದೆ. ಅಲ್ಲಿ ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದೆ, ಆಗಲೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದರ ಸಮಯ ಬರೆದುಕೊಂಡು ಮುಂದಿನದನ್ನು ತೆರೆದೆ.