ಗಡಿಯಾರದ ಎದುರು ದೇವದೂತರು

ಫ್ರಾನ್ಸಿನ ಪೂರ್ವದ ಗಡಿಯಲ್ಲಿ, ರೈನ್ ನದಿಯ ದಡದಲ್ಲಿದೆ ಸ್ಟ್ರಾಸ್‌ಬರ್ಗ್ ನಗರ. ಅಲ್ಲಿನ ಕೆಂಗಲ್ಲಿನ ಕೆಥೆಡ್ರಲ್‌ನ ಗೋಪುರ 142 ಮೀಟರ್ ಎತ್ತರ; ಪೂರ್ಣಗೊಂಡದ್ದು 1439ರಲ್ಲಿ. ಆದರೆ ಪ್ರವಾಸಿಗರು ಮುಗಿಬೀಳುವುದು ಒಳಗಿರುವ ಖಗೋಳ ಗಡಿಯಾರದ ಮುಂದೆ. ನಾನೂ ಮಗಳೂ ಆ ಗುಂಪಿನಲ್ಲಿ ಕತ್ತು ಚಾಚಿ ನಿಂತಿದ್ದೆವು.

ಇಬ್ಬರಲ್ಲೂ ಮಾತಿರಲಿಲ್ಲ. ಒಂದು ವರ್ಷ ಓದಿದ ಮೇಲೆ ಇಂಜಿನಿಯರಿಂಗ್ ಬಿಡುತ್ತೇನೆಂದಿದ್ದಳು. 'ವರ್ಷ ದಂಡವಾಯಿತು' ಎಂದು ನಾನು ಗೊಣಗುತ್ತಲೇ ಇದ್ದೆ.

ಇಲ್ಲಿ 14ನೇ ಶತಮಾನದಲ್ಲೇ ಗಡಿಯಾರವಿತ್ತು. ಈಗಿನ ಯಂತ್ರ 1842ರದು. ಕಾಲು ಗಂಟೆಗೊಮ್ಮೆ ಮಗು, ತರುಣ, ನಡುವಯಸ್ಸಿನವ, ಮುದುಕ ಸರದಿಯಂತೆ ಮೃತ್ಯುವಿನ ಮುಂದೆ ಹಾದುಹೋಗುತ್ತಾರೆ. ಗಂಟೆ ಬಾರಿಸುವುದು ಅಸ್ಥಿಪಂಜರದ ರೂಪದ ಆ ಮೃತ್ಯುವೇ.

ಎದುರಿಗೇ ಇನ್ನೊಂದು ಲೋಕ. 13ನೇ ಶತಮಾನದ 'ದೇವದೂತರ ಕಂಬ'. ಕೆಳಗೆ ಸುವಾರ್ತೆ ಬರೆದ ನಾಲ್ವರು, ನಡುವೆ ಕಹಳೆಯೂದುವ ದೇವದೂತರು, ಮೇಲೆ ಅಂತಿಮ ತೀರ್ಪಿಗೆ ಕುಳಿತ ಕ್ರಿಸ್ತ. ಆ ಕಹಳೆ ಸಾರುವುದು ಕಾಲ ಮುಗಿಯಿತೆಂದು.

ಈ ದೇವದೂತರಿಗೂ ಗಡಿಯಾರ ಉಂಟೇ? ಅದೇ ಶತಮಾನದ ಪಂಡಿತ ಥಾಮಸ್ ಅಕ್ವಿನಾಸ್ ಇದನ್ನು ಗಂಭೀರವಾಗಿಯೇ ಕೇಳಿದ್ದ. ಆತನ ಗುರು ಆಲ್ಬರ್ಟ್ ಇದೇ ಊರಿನಲ್ಲಿ ಕೆಲಕಾಲ ಬೋಧಿಸಿದ್ದವನು. ಅಕ್ವಿನಾಸ್ ಪ್ರಕಾರ ದೇವರದು ನಿತ್ಯತೆ. ಅಲ್ಲಿ ನಿನ್ನೆ, ಇಂದು, ನಾಳೆಗಳಿಲ್ಲ, ಎಲ್ಲವೂ ಒಮ್ಮೆಗೇ. ನಮ್ಮದು ಕಾಲ, ಒಂದು ಕ್ಷಣ ಹೋಗಿ ಮತ್ತೊಂದು ಬರುತ್ತದೆ. ದೇವದೂತರದು ಇವೆರಡರ ನಡುವಿನದು, ಲ್ಯಾಟಿನ್ನಿನಲ್ಲಿ 'ಏವುಮ್'. ಅವರ ಇರವಿಗೆ ಆರಂಭವುಂಟು, ಮುಪ್ಪಿಲ್ಲ, ಕೊನೆಯಿಲ್ಲ.

ಕೇಳಲು ಸೊಗಸು. ಆದರೆ ಅದಕ್ಕೊಂದು ಬೆಲೆಯಿದೆ. ದೇವದೂತರು ಎಲ್ಲವನ್ನೂ ಒಂದೇ ನೋಟಕ್ಕೆ ಅರಿಯುವವರು. ಹಾಗಾಗಿ ದೇವರ ಪರವೋ ವಿರುದ್ಧವೋ ಎಂಬ ಅವರ ಆಯ್ಕೆ ಒಂದೇ ಸಲ. ತಪ್ಪಿದವರಿಗೆ ಪಶ್ಚಾತ್ತಾಪದ ದಾರಿಯಿಲ್ಲ. ಮನುಷ್ಯ ಹಾಗಲ್ಲ, ತಡವುತ್ತಾ, ಎಡವುತ್ತಾ ಕಲಿಯುತ್ತಾನೆ. ಮನಸ್ಸು ಬದಲಿಸಲು ಅವನಿಗೆ ಕಾಲವಿದೆ.

ಹನ್ನೆರಡೂವರೆಯಾಯಿತು. "ಅಪ್ಪಾ, ಇದು ಅರ್ಧ ಗಂಟೆ ಹಿಂದಿದೆ!" ಎಂದಳು ಮಗಳು ಕೈಗಡಿಯಾರ ನೋಡಿ. ಹೌದು, ಅದು ಊರಿನ ಹಳೆಯ ಸ್ಥಳೀಯ ಸಮಯಕ್ಕೇ ನಿಷ್ಠವಾಗಿದೆ, ಅದಕ್ಕಿನ್ನೂ ಹನ್ನೆರಡು. ಹನ್ನೆರಡು ಶಿಷ್ಯರು ಕ್ರಿಸ್ತನ ಮುಂದೆ ಸಾಗಿದರು. ಹುಂಜ ಮೂರು ಬಾರಿ ಕೂಗಿತು. ಗುರುವನ್ನು ಅರಿಯೆನೆಂದು ಪೇತ್ರ ಮೂರು ಬಾರಿ ಹೇಳಿದ್ದನ್ನು ನೆನಪಿಸುವ ಕೂಗು ಅದು. ಹುಂಜ ಕೂಗಿದಾಗ ಆತ ಬಿಕ್ಕಿ ಅತ್ತ. ಮುಂದೆ ಶಿಷ್ಯರಲ್ಲಿ ಮೊದಲಿಗನಾಗಿಯೇ ಉಳಿದ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆವು. "ಸರಿ, ಏನು ಓದಬೇಕು ಅಂತಿದ್ದೀಯಮ್ಮಾ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು.